ನೆಲದ ಕೆಲಸಕ್ಕೆ ಕಲಿತ ಕೈಗಳು: ಕೊಪ್ಪಳ ಸೀಮೆಯ ಕೃಷಿ ಶಿಕ್ಷಣ ಮತ್ತು ದುಡಿಮೆ

ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರೆಯಾದದ್ದು 1997ರ ಆಗಸ್ಟ್‌ನಲ್ಲಿ. ಆಗ ಅದರಲ್ಲಿದ್ದದ್ದು ನಾಲ್ಕೇ ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಕಾರಟಗಿ, ಕನಕಗಿರಿ, ಕುಕನೂರು ಆಮೇಲೆ ತಾಲ್ಲೂಕುಗಳಾದವು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 13.89 ಲಕ್ಷ. ಪಟ್ಟಣಗಳಲ್ಲಿ ಇರುವವರು ಶೇ. 17ರಷ್ಟೂ ಇಲ್ಲ. ಮಿಕ್ಕವರು ಹಳ್ಳಿಯವರು, ಹೆಚ್ಚಿನವರು ಹೊಲ, ಗದ್ದೆ, ಕುರಿ, ತೋಟ ನಂಬಿದವರು. ಗಂಗಾವತಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜಿದೆ, ಮುನಿರಾಬಾದಿನಲ್ಲಿ ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ ಕಾಲೇಜಿದೆ. ಇಷ್ಟು ಚಿಕ್ಕ ಜಿಲ್ಲೆಗೆ ಇದು ಕಡಿಮೆಯ ಭಾಗ್ಯವಲ್ಲ. ಹಾಗಿದ್ದೂ ಅಕ್ಕಿ ಗಿರಣಿಯ ಮಾಲೀಕರು, ಬೀಜೋತ್ಪಾದಕರು, ದಾಳಿಂಬೆ ಬೆಳೆಗಾರರು ಆಡುವ ಮಾತು ಒಂದೇ: ಕೆಲಸ ಬಲ್ಲವರು ಸಿಗುವುದಿಲ್ಲ. ಅದೇ ಊರುಗಳ ಪದವೀಧರರ ಮಾತೂ ಒಂದೇ: ಕೆಲಸವೇ ಇಲ್ಲ. ಎರಡೂ ಮಾತು ನಿಜ. ಒಂದೇ ಮಣ್ಣಿನಲ್ಲಿ ಇವೆರಡೂ ಹೇಗೆ ನಿಜವಾದವು ಎಂದು ನೋಡುವುದು ಈ ಬರಹದ ಕೆಲಸ.

ಮೊದಲು ನೆಲದ ಮಾತು. ಮುನಿರಾಬಾದಿನ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟೆಯಿಂದ 1953ರಲ್ಲಿ ಕಾಲುವೆಗೆ ನೀರು ಹರಿಯತೊಡಗಿದ ಮೇಲೆ ಈ ಸೀಮೆ ಎರಡಾಗಿ ಸೀಳಿಹೋಯಿತು. 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಹಾದಲ್ಲೆಲ್ಲ ನೆಲ್ಲು ಬಂತು. ನೀರಾವರಿ ಬೇಸಾಯದ ಪಟ್ಟು ಗೊತ್ತಿದ್ದ ಆಂಧ್ರದ ಕುಟುಂಬಗಳು ಬಂದು ನೆಲ ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡವು. ಗಂಗಾವತಿ, ಕಾರಟಗಿ, ಶ್ರೀರಾಮನಗರದ ಸುತ್ತ ಗಿರಣಿಗಳು ಎದ್ದವು. ಕುಷ್ಟಗಿ, ಯಲಬುರ್ಗಾ ಮಾತ್ರ ಮಳೆಯ ಕಡೆಗೇ ಮುಖ ಮಾಡಿ ಉಳಿದವು. ಎರಿ ನೆಲದಲ್ಲಿ ಬಿಳಿಜೋಳ, ಕಡಲೆ. ಮಸಾರಿಯಲ್ಲಿ ಸಜ್ಜೆ, ಶೇಂಗಾ, ತೊಗರಿ. ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು, ಅದೂ ಬಿದ್ದರೆ. ಹಾಗಾಗಿ ಜಿಲ್ಲೆಗೆ ಬೇಕಾದ ಕೌಶಲ ಒಂದೇ ಬಗೆಯದಲ್ಲ. ಕಾರಟಗಿಗೆ ಬೇಕಾದವನು ಯಲಬುರ್ಗಾದಲ್ಲಿ ಕೆಲಸಕ್ಕೆ ಬಾರದೆ ಹೋಗಬಹುದು, ಯಲಬುರ್ಗಾದವನಿಗೆ ಕಾರಟಗಿಯಲ್ಲಿ ಕೆಲಸ ಸಿಗದೆ ಹೋಗಬಹುದು.

ಇನ್ನು ಕೆಲಸ ಕೊಡುವವರು ಯಾರು? ಕೈಗಾರಿಕೆ ಎಂದ ಕೂಡಲೇ ಕೊಪ್ಪಳದಲ್ಲಿ ನೆನಪಾಗುವುದು ಗಿಣಿಗೇರಾ, ಬೇವಿನಹಳ್ಳಿ ಕಡೆಯ ಉಕ್ಕು ಮತ್ತು ಬೀಡುಕಬ್ಬಿಣದ ಕಾರ್ಖಾನೆಗಳು. ಕುಕನೂರು ತಾಲ್ಲೂಕಿನ ಭಾನಾಪುರದಲ್ಲಿ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದ ಆಟಿಕೆ ಕ್ಲಸ್ಟರ್. ಆವತ್ತು 400 ಎಕರೆ, 40 ಸಾವಿರ ಉದ್ಯೋಗ ಎಂಬ ಮಾತು ಕೇಳಿಬಂದಿತ್ತು. ಇಂಥ ಕಾರ್ಖಾನೆಗೆ ಮಾನವ ಸಂಪನ್ಮೂಲ ವಿಭಾಗವಿದೆ, ಐಟಿಐ ಇದೆ, ಟೂಲ್ ರೂಮ್ ತರಬೇತಿ ಇದೆ. ಇಂಥ ಕೆಲಸಕ್ಕೆ ಇಷ್ಟು ಜನ ಬೇಕೆಂದು ಕಾರ್ಖಾನೆ ಬರೆದು ಕೇಳಬಲ್ಲದು. ನೆಲದ ಕಡೆ ಹಾಗೆ ಬರೆದು ಕೇಳುವವರಿಲ್ಲ. ಇಲ್ಲಿ ಕೆಲಸ ಕೊಡುವವರೆಂದರೆ ಗಿರಣಿಯವರು, ಬೀಜ ಕಂಪನಿಯ ಆರ್ಗನೈಸರ್, ಗೊಬ್ಬರ–ಔಷಧದ ಅಂಗಡಿಯವರು, ನಾಲ್ಕೆಕರೆ ದಾಳಿಂಬೆ ಇಟ್ಟವರು, ಕಟಾವು ಯಂತ್ರ ಬಾಡಿಗೆಗೆ ಬಿಡುವವರು. ಎಲ್ಲರಿಗಿಂತ ದೊಡ್ಡ ಸಂಖ್ಯೆಯಲ್ಲಿ ಕೂಲಿ ಕೊಡುವವನು ಸಾಮಾನ್ಯ ರೈತ. ಅವನನ್ನು ಯಾವ ಸರ್ಕಾರಿ ಕಡತವೂ ಉದ್ಯೋಗದಾತ ಎಂದು ಕರೆಯುವುದಿಲ್ಲ. ಗೊಂದಲ ಶುರುವಾಗುವುದು ಇಲ್ಲಿಂದಲೇ.

ಅಕ್ಕಿ ಗಿರಣಿಯ ಒಳಗೆ ಹೋಗಿ ನೋಡಿದರೆ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಲಾರಿಯಿಂದ ಇಳಿದ ನೆಲ್ಲಿಗೆ ಮೊದಲು ತೇವಾಂಶದ ಪರೀಕ್ಷೆ. ಬೆಂಬಲ ಬೆಲೆಯ ಖರೀದಿಗೆ ಶೇ. 17 ಮಿತಿ, ಗಿರಣಿಗೆ ಹಾಕುವಾಗ ಶೇ. 14ರ ಆಸುಪಾಸಿಗೆ ಇಳಿದಿರಬೇಕು. ಮೀಟರ್ ಇದ್ದರೂ ಹಳೆಯ ಗುಮಾಸ್ತರು ನಾಲ್ಕು ಕಾಳು ಹಲ್ಲಿಗೆ ಕೊಟ್ಟು ಕಡಿದು ನೋಡುತ್ತಾರೆ. ಆಮೇಲೆ ಕಸ, ಕಲ್ಲು ತೆಗೆಯುವ ಯಂತ್ರಗಳು, ರಬ್ಬರ್ ರೋಲಿನ ಶೆಲ್ಲರ್, ಪಾಲಿಶರ್, ಕೊನೆಗೆ ಬಣ್ಣಗೆಟ್ಟ ಕಾಳನ್ನು ಕ್ಯಾಮೆರಾದ ಕಣ್ಣಿನಿಂದ ಹಿಡಿದು ಗಾಳಿಯಿಂದ ಹೊರಗೆಸೆಯುವ ಸಾರ್ಟೆಕ್ಸ್. ಎರಡು ರಬ್ಬರ್ ರೋಲುಗಳ ನಡುವಿನ ಅಂತರ ತುಸು ತಪ್ಪಿದರೆ ಅಕ್ಕಿ ಮುರಿದು ನುಚ್ಚಾಗುತ್ತದೆ. ನುಚ್ಚಿಗೆ ಅಕ್ಕಿಯ ಬೆಲೆ ಎಲ್ಲಿ ಬರುತ್ತದೆ? ಸೋನಾ ಮಸೂರಿಯಂಥ ಸಣ್ಣ ಕಾಳಿನಲ್ಲಿ ಈ ನಷ್ಟ ಇನ್ನೂ ಬೇಗ ಕಾಣುತ್ತದೆ. ಕುಸುಬಲಕ್ಕಿ ಮಾಡುವ ಗಿರಣಿಯಲ್ಲಾದರೆ ಬಾಯ್ಲರ್ ಇದೆ. ಅದನ್ನು ನೋಡಿಕೊಳ್ಳುವವನ ಹತ್ತಿರ ಸರ್ಕಾರದ ಪ್ರಮಾಣಪತ್ರ ಇರಬೇಕೆಂದು ಕಾನೂನೇ ಹೇಳುತ್ತದೆ.

ಇಷ್ಟೆಲ್ಲ ಕೆಲಸವನ್ನು ನಡೆಸುವವರು ಒಬ್ಬಿಬ್ಬರು ಮಿಸ್ತ್ರಿಗಳು ಮತ್ತು ಹಮಾಲರು. ಮಿಸ್ತ್ರಿ ಕಲಿತದ್ದು ತನಗಿಂತ ಹಿರಿಯ ಮಿಸ್ತ್ರಿಯ ಕೈಕೆಳಗೆ. ಅವನು ಕೆಲಸ ಬಿಟ್ಟ ದಿನ ಗಿರಣಿ ನಿಲ್ಲುತ್ತದೆ. ಹೊಸಬರು ಬೇಕೆಂದರೆ ಬಿಹಾರ, ಆಂಧ್ರದ ಕಡೆ ಫೋನ್ ಹೋಗುತ್ತದೆ. ಇದೇ ತಾಲ್ಲೂಕಿನ ಕೃಷಿ ಪದವೀಧರನಿಗೆ ಭತ್ತದ ತಳಿಗಳ ವಂಶಾವಳಿ ಗೊತ್ತು, ಬೆಂಕಿ ರೋಗದ ಶಿಲೀಂಧ್ರದ ಹೆಸರು ಗೊತ್ತು, ಗಂಗಾವತಿ ಸೋನಾ ತಳಿ ತನ್ನೂರಿನ ಸಂಶೋಧನಾ ಕೇಂದ್ರದಿಂದ ಬಂತೆಂಬ ಹೆಮ್ಮೆಯೂ ಇದೆ. ಕಟಾವಿನ ಆಚೆಗೆ ನೆಲ್ಲು ಏನಾಗುತ್ತದೆ ಎಂಬುದು ಅವನ ಪಠ್ಯದಲ್ಲಿ ಕೆಲವು ಪುಟಗಳಷ್ಟೇ. ಒಕ್ಕಲಾದ ನೆಲ್ಲು ಅಕ್ಕಿಯಾಗಿ ಚೀಲ ಸೇರುವವರೆಗಿನ ಹಾದಿಯಲ್ಲಿ ಗಂಗಾವತಿಯ ದುಡ್ಡು ಓಡಾಡುತ್ತದೆ. ನಮ್ಮ ಕೃಷಿ ಕಾಲೇಜು ಆ ಹಾದಿಯ ಬಾಗಿಲವರೆಗೆ ಬಂದು ನಿಂತಿದೆ ಎನ್ನುವುದು ನನ್ನ ಮೊದಲ ಆಕ್ಷೇಪ.

ಕಟಾವು ಯಂತ್ರದ ಕತೆಯೂ ಬೇರೆಯಲ್ಲ. ಹಂಗಾಮು ಬಂತೆಂದರೆ ಹೊರ ರಾಜ್ಯಗಳಿಂದ ಸಾಲುಸಾಲಾಗಿ ಯಂತ್ರಗಳು ಬರುತ್ತವೆ, ಯಂತ್ರದ ಜೊತೆಗೆ ಡ್ರೈವರ್ ಕೂಡ. ಹಸಿ ಗದ್ದೆಗೆ ಚೈನ್ ಗಾಡಿ, ಒಣಗಿದ ಗದ್ದೆಗೆ ಟೈರ್ ಗಾಡಿ. ಬಾಡಿಗೆ ಗಂಟೆಯ ಲೆಕ್ಕ. ಡ್ರಮ್ಮಿನ ವೇಗ, ಗಾಳಿಯ ಹದ ತಿಳಿಯದ ಡ್ರೈವರ್ ಕೈಗೆ ಸಿಕ್ಕಿದರೆ ಕಾಳು ಹುಲ್ಲಿನ ಜೊತೆ ಗದ್ದೆಯಲ್ಲೇ ಉಳಿಯುತ್ತದೆ. ಆ ನಷ್ಟಕ್ಕೆ ರಸೀದಿ ಇಲ್ಲ, ರೈತನಿಗೆ ಅಂದಾಜೂ ಸಿಗುವುದಿಲ್ಲ. ಬಳ್ಳಾರಿಯ ಆಚೆ, ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ, ಇಡೀ ದಕ್ಷಿಣ ಭಾರತಕ್ಕೆ ಸೇರಿದ್ದು. ಕೊಪ್ಪಳದ ಹುಡುಗರಿಗೆ ಅದು ಬೆಂಗಳೂರಿಗಿಂತ ಹತ್ತಿರ. ಗಂಗಾವತಿಯ ಕಾಲೇಜಿನವರು ಅದರೊಡನೆ ಕೈಜೋಡಿಸಿ ಪ್ರತಿ ಹಂಗಾಮಿಗೆ ಮುಂಚೆ ಒಂದು ತಂಡಕ್ಕೆ ಯಂತ್ರ ನಡೆಸುವುದು, ರಿಪೇರಿ ಮಾಡುವುದು ಕಲಿಸಿದರೆ ನಾಲ್ಕೈದು ವರ್ಷದಲ್ಲಿ ಯಂತ್ರದ ಜೊತೆ ಡ್ರೈವರನ್ನೂ ತರಿಸುವ ಪಾಡು ತಪ್ಪೀತು. ಕೂಲಿಯವರ ಅಭಾವದಿಂದ ನಾಟಿ ಬಿಟ್ಟು ಕೂರಿಗೆಯಲ್ಲಿ ನೇರ ಬಿತ್ತುವ ರೈತರಿದ್ದಾರೆ, ಔಷಧ ಹೊಡೆಯಲು ಡ್ರೋನ್ ಬಂದಿದೆ. ಡ್ರೋನ್ ಹಾರಿಸುವವನಿಗೆ ವಿಮಾನಯಾನ ಇಲಾಖೆಯ ಪರವಾನಗಿ ಬೇಕು. ಇವೆಲ್ಲ ಹೊಸ ಕೆಲಸಗಳು, ಹೊಸ ಸಂಬಳಗಳು. ಯಾರು ಮೊದಲು ಕಲಿಸುತ್ತಾರೋ ಅವರ ಊರಿನ ಮಕ್ಕಳಿಗೆ ಸಿಗುತ್ತವೆ.

ಕುಷ್ಟಗಿ, ಯಲಬುರ್ಗಾ ಕಡೆ ಹೋದರೆ ಕಣ್ಣಿಗೆ ಬೀಳುವುದು ಹಸಿರು, ಬಿಳಿ ಬಣ್ಣದ ನೆರಳು ಪರದೆಯ ಮನೆಗಳು. ಟೊಮೆಟೊ, ಮೆಣಸಿನಕಾಯಿ, ಕಲ್ಲಂಗಡಿ, ಸೌತೆಯಂಥ ತರಕಾರಿಗಳ ಹೈಬ್ರಿಡ್ ಬೀಜ ಇಲ್ಲಿ ತಯಾರಾಗುತ್ತದೆ. ರಾಣೆಬೆನ್ನೂರು ಸೀಮೆ ಹಿಡಿದ ದಾರಿಯನ್ನೇ ಈ ಒಣ ತಾಲ್ಲೂಕುಗಳೂ ಹಿಡಿದವು. ಒಣ ಹವೆ ಬೀಜಕ್ಕೆ ಒಳ್ಳೆಯದು, ಬೋರ್‌ವೆಲ್ಲಿನ ಅಷ್ಟಿಷ್ಟು ನೀರು ಹನಿ ನೀರಾವರಿಗೆ ಸಾಕು, ಎಲ್ಲಕ್ಕಿಂತ ಹೆಚ್ಚಾಗಿ ನುರಿತ ಹೆಣ್ಣುಮಕ್ಕಳ ಕೈ ಇದೆ. ಇವರ ಕೆಲಸಕ್ಕೆ ಇಲ್ಲಿ ಕ್ರಾಸಿಂಗ್ ಅನ್ನುತ್ತಾರೆ. ಟೊಮೆಟೊದಲ್ಲಾದರೆ ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತು ಸಂಜೆಯೇ ಗುರುತಿಸಿ, ಚಿಮಟದಿಂದ ಬಿಡಿಸಿ, ಒಳಗಿನ ಕೇಸರಗಳನ್ನು ಒಂದೂ ಬಿಡದಂತೆ ಕೀಳಬೇಕು, ಶಲಾಕೆಗೆ ಪೆಟ್ಟಾಗಬಾರದು. ಮರುದಿನ ಬೆಳಗ್ಗೆ ಗಂಡು ಗಿಡದ ಪರಾಗವನ್ನು ಆ ಹೆಣ್ಣು ಹೂವಿಗೆ ಮುಟ್ಟಿಸಿ, ಪುಷ್ಪಪಾತ್ರೆಯ ಎರಡು ಎಸಳು ಕತ್ತರಿಸಿ ಗುರುತು ಮಾಡಬೇಕು. ಹಣ್ಣಾದ ಮೇಲೆ ಎಸಳು ಕತ್ತರಿಸಿದ ಹಣ್ಣನ್ನಷ್ಟೇ ಬೀಜಕ್ಕೆ ಕೊಯ್ಯುತ್ತಾರೆ. ಮೊಗ್ಗು ಒಂದು ದಿನ ತಡವಾದರೆ ತನ್ನಷ್ಟಕ್ಕೆ ತಾನೇ ಪರಾಗ ಮಾಡಿಕೊಂಡಿರುತ್ತದೆ, ಆ ಬೀಜ ಹೈಬ್ರಿಡ್ ಆಗುವುದಿಲ್ಲ. ದಿನಕ್ಕೆ ನೂರಾರು ಹೂಗಳ ಲೆಕ್ಕದಲ್ಲಿ ಈ ಕೆಲಸ ಮಾಡುವ ಹೆಣ್ಣುಮಕ್ಕಳಲ್ಲಿ ಶಾಲೆ ಬಿಟ್ಟವರೇ ಹೆಚ್ಚು.

ಬೀಜ ಕಂಪನಿಗೆ ಕೊಟ್ಟ ಮೇಲೆ ಅದರ ಮಾದರಿಯನ್ನು ಬಿತ್ತಿ, ಗಿಡ ಬೆಳೆಸಿ, ತಳಿಶುದ್ಧತೆ ನೋಡುತ್ತಾರೆ. ಆ ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಒಪ್ಪಂದದ ಮಟ್ಟಕ್ಕಿಂತ ಕೆಳಗಿಳಿದರೆ ಇಡೀ ಲಾಟ್ ತಿರಸ್ಕಾರ, ರೈತನ ವರ್ಷದ ದುಡಿಮೆ ನೆಲಕ್ಕೆ. ಈ ಜಾಗದಲ್ಲಿ ಬೇಕಾದವರು ಯಾರು? ಕ್ರಾಸಿಂಗ್ ಮಾಡುವವರ ಜೊತೆ ಸಾಲಿನಲ್ಲಿ ನಡೆದು ತಪ್ಪು ಹಿಡಿಯಬಲ್ಲ, ದಾಖಲೆ ಬರೆಯಬಲ್ಲ, ಒಪ್ಪಂದದ ಕಾಗದ ಓದಿ ರೈತನಿಗೆ ಬಿಡಿಸಿ ಹೇಳಬಲ್ಲ ಮೇಲ್ವಿಚಾರಕರು. ಕಂಪನಿಯವರು ಹುಡುಕುವುದು ಇಂಥವರನ್ನೇ, ರೈತನಿಗೂ ಬೇಕಾದವರು ಇವರೇ. ನಾಲ್ಕು ವರ್ಷದ ಪದವಿ ಮುಗಿಸಿದವರು ಈ ಕೆಲಸಕ್ಕೆ ನಿಲ್ಲುವುದಿಲ್ಲ, ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಈ ಕೆಲಸ ಬರುವುದಿಲ್ಲ. ನಡುವಿನ ಮೆಟ್ಟಿಲು ಕಾಣೆಯಾಗಿದೆ.

ಆ ಮೆಟ್ಟಿಲು ನಮ್ಮಲ್ಲಿ ಇಲ್ಲದ್ದೇನಲ್ಲ. ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳು ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಕನ್ನಡ ಮಾಧ್ಯಮದಲ್ಲೇ ಎರಡು ವರ್ಷದ ಕೃಷಿ ಡಿಪ್ಲೊಮಾ ನಡೆಸಿಕೊಂಡು ಬಂದಿವೆ. ನನ್ನ ಪ್ರಕಾರ ಈ ಸೀಮೆಗೆ ಅದಕ್ಕಿಂತ ಉಪಯೋಗದ ಕೋರ್ಸ್ ಬೇರೊಂದಿಲ್ಲ. ಇಂಗ್ಲಿಷಿನ ಭಯವಿಲ್ಲ, ಖರ್ಚು ಕಡಿಮೆ, ಹದಿನೆಂಟರ ಹೊತ್ತಿಗೆ ದುಡಿಮೆಗೆ ಇಳಿಯಬಹುದು. ಆದರೆ ಡಿಪ್ಲೊಮಾಕ್ಕೆ ಪದವಿಯ ಮರ್ಯಾದೆ ಸಿಗಲಿಲ್ಲ. ಅದನ್ನು ಪದವಿಯ ಚಿಕ್ಕ ಪ್ರತಿಯಂತೆ ಕಟ್ಟಿದರು, ಗಿರಣಿಗೋ ಬೀಜೋತ್ಪಾದನೆಗೋ ಬೇಕಾದ ಕೆಲಸಗಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಲಿಲ್ಲ. ಸರ್ಕಾರಿ ಹುದ್ದೆಯ ಅರ್ಹತೆಯಲ್ಲಿ ಡಿಪ್ಲೊಮಾದವರಿಗೆ ಜಾಗವಿಲ್ಲ ಎಂಬುದು ದೊಡ್ಡ ದೂರಾಯಿತು. ಖಾಸಗಿ ಕೆಲಸದಲ್ಲಿ ಅವರಿಗೆ ಯಾವ ಜಾಗ ಎಂದು ಗಟ್ಟಿಯಾಗಿ ಕೇಳಿದವರು ಕಡಿಮೆ.

ಪದವಿಯ ಮಾತಿಗೆ ಬರೋಣ. ರಾಯಚೂರು ಕೃಷಿ ವಿಶ್ವವಿದ್ಯಾಲಯ ಧಾರವಾಡದಿಂದ ಬೇರೆಯಾಗಿ ನಿಂತದ್ದು, ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ ಹುಟ್ಟಿದ್ದು ಎರಡೂ 2008–09ರ ಹೊತ್ತಿಗೆ. ಹೈದರಾಬಾದ್ ಕರ್ನಾಟಕಕ್ಕೆ ಅದು ದೊಡ್ಡ ನ್ಯಾಯ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗದ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟು ಸ್ಥಳೀಯರಿಗೆ ಸಿಕ್ಕಿತು. ಕೃಷಿಕರ ಮಕ್ಕಳ ಕೋಟಾ 2021ರಲ್ಲಿ ಶೇ. 40ರಿಂದ 50ಕ್ಕೆ ಏರಿತು. ಆ ಕೋಟಾಕ್ಕಾಗಿ ಸಿಇಟಿಯಲ್ಲಿ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಸಲಕರಣೆ ಗುರುತಿಸುವ ಪರೀಕ್ಷೆ. ಹೀಗೆ ಹೊಲ ಬಲ್ಲ ಮಕ್ಕಳೇ ಒಳಗೆ ಬರುತ್ತಾರೆ. ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ತಿಂಗಳುಗಟ್ಟಲೆ ಹಳ್ಳಿಯಲ್ಲಿ ಉಳಿಯುತ್ತಾರೆ. ಗುಡಿಯ ಮುಂದಿನ ಬಯಲಿನಲ್ಲಿ ಬಣ್ಣದ ಪುಡಿಯಿಂದ ಊರಿನ ನಕ್ಷೆ ಬಿಡಿಸಿ, ಹಿರಿಯರನ್ನು ಸುತ್ತ ಕೂಡಿಸಿ, ಯಾವ ಕೇರಿ ಎಲ್ಲಿ, ಯಾವ ಬಾವಿ ಬತ್ತಿತು ಎಂದು ಕೇಳಿ ತುಂಬುವ ಆ ಕೆಲಸ ನನಗೆ ಬಹಳ ಇಷ್ಟ. 2015ರಲ್ಲಿ ಕೇಂದ್ರ ಜಾರಿಗೆ ತಂದ ಸ್ಟೂಡೆಂಟ್ ರೆಡಿ ಕಾರ್ಯಕ್ರಮ ಇದಕ್ಕೆ ಕೈಗಾರಿಕಾ ಅನುಭವವನ್ನೂ ಸೇರಿಸಿತು. ಆರನೆಯ ಡೀನ್‌ಗಳ ಸಮಿತಿಯ ಪಠ್ಯಕ್ರಮದಲ್ಲಿ ಮೊದಲ ವರ್ಷಕ್ಕೇ ಕೌಶಲದ ಕೋರ್ಸುಗಳಿವೆ. ಒಂದು ಅಥವಾ ಎರಡು ವರ್ಷಕ್ಕೆ ಹೊರಬೀಳುವವರು ಹತ್ತು ವಾರ ಇಂಟರ್ನ್‌ಶಿಪ್ ಮಾಡಿದರೆ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಸಿಗುತ್ತದೆ.

ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ವ್ಯವಸ್ಥೆ ಬೇಕಿಲ್ಲ. ಆದರೆ ಸಿಇಟಿಯಲ್ಲಿ ಒದ್ದಾಡಿ ಸೀಟು ಗಿಟ್ಟಿಸಿದ ಹುಡುಗ ಎರಡನೆಯ ವರ್ಷಕ್ಕೆ ಬಿಟ್ಟುಹೋಗುವುದಿಲ್ಲ. ಅವನ ಮನೆಯವರು ಕಾಯುವುದು ಅಧಿಕಾರಿಯ ಕುರ್ಚಿಯನ್ನು, ಇಲ್ಲವೇ ಬ್ಯಾಂಕಿನ ಕೃಷಿ ಅಧಿಕಾರಿ ಹುದ್ದೆಯನ್ನು. 2024ರಲ್ಲಿ ಲೋಕಸೇವಾ ಆಯೋಗ ಇಡೀ ರಾಜ್ಯಕ್ಕೆ ಕರೆದ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಹುದ್ದೆ ಎರಡೂ ಸೇರಿ 945. ಅದೂ ಎಷ್ಟೋ ವರ್ಷ ಕಾದ ಮೇಲೆ ಬಂದದ್ದು. ಕೊನೆಯ ವರ್ಷದ ಹಾಸ್ಟೆಲಿನಲ್ಲಿ ಹೆಚ್ಚು ಸವೆಯುವುದು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ. ಇದಕ್ಕೆ ಹುಡುಗರನ್ನು ಬೈದು ಉಪಯೋಗವಿಲ್ಲ. ಸರ್ಕಾರಿ ಸಂಬಳ, ಪಿಂಚಣಿ, ಮದುವೆ ಮಾರುಕಟ್ಟೆಯಲ್ಲಿ ಸಿಗುವ ಬೆಲೆ ಇವುಗಳ ಮುಂದೆ ಗಿರಣಿಯ ಸೂಪರ್‌ವೈಸರ್ ಕೆಲಸಕ್ಕೆ ತೂಕ ಎಲ್ಲಿಂದ ಬರಬೇಕು?

ಹಾಗಾಗಿ ಕೌಶಲದ ಕೊರತೆ ಎಂಬ ದೂರನ್ನು ಪೂರ್ತಿ ನಂಬುವುದೂ ಕಷ್ಟ. ನುರಿತವರು ಸಿಗುವುದಿಲ್ಲ ಎನ್ನುವವರನ್ನು ಎಷ್ಟು ಸಂಬಳ ಕೊಡುತ್ತೀರಿ, ವರ್ಷಕ್ಕೆ ಎಷ್ಟು ತಿಂಗಳು ಕೊಡುತ್ತೀರಿ, ಭವಿಷ್ಯ ನಿಧಿ ಕಟ್ಟುತ್ತೀರಾ ಎಂದು ಕೇಳಿ ನೋಡಬೇಕು. ನೆಲದ ಕೆಲಸ ಹಂಗಾಮಿನದು, ಹಂಗಾಮು ಮುಗಿದರೆ ಸಂಬಳವೂ ಮುಗಿಯುತ್ತದೆ. ಅದರ ಮೇಲೆ ನೀರಿನ ಅನಿಶ್ಚಿತತೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್‌ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ಹೊಳೆಗೆ ಹರಿದುಹೋದ ನೀರಿನ ಜೊತೆ ಇಡೀ ಸೀಮೆಯ ನಿದ್ದೆಯೂ ಹೋಗಿತ್ತು. ಹರಿಯುವ ನೀರಿನಲ್ಲೇ ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದ ತಂತ್ರಜ್ಞರನ್ನು ಜನ ಇವತ್ತಿಗೂ ನೆನೆಯುತ್ತಾರೆ. 132 ಟಿಎಂಸಿಗೆ ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ ಈಗ ಹಿಡಿಯುವುದು ಸುಮಾರು 105 ಟಿಎಂಸಿ. ಎರಡನೇ ಬೆಳೆಗೆ ನೀರು ಸಿಗದ ವರ್ಷ ಗದ್ದೆಯ ಕೂಲಿಗೆ, ಕಟಾವು ಯಂತ್ರದವರಿಗೆ, ಗಿರಣಿಯ ಹಮಾಲರಿಗೆ ಎಲ್ಲರಿಗೂ ಕೆಲಸ ಅರ್ಧಕ್ಕಿಳಿಯುತ್ತದೆ. ಒಂದೇ ಕೌಶಲ ಕಲಿತವನಿಗೆ ಈ ಸೀಮೆಯಲ್ಲಿ ವರ್ಷಪೂರ್ತಿ ಅನ್ನವಿಲ್ಲ. ಮುಂಗಾರಿನಲ್ಲಿ ಕೂರಿಗೆ ಯಂತ್ರ, ಕಟಾವಿನಲ್ಲಿ ಕಂಬೈನ್, ಬೇಸಿಗೆಯಲ್ಲಿ ಹನಿ ನೀರಾವರಿಯ ಪೈಪು ಮತ್ತು ಪಂಪು ರಿಪೇರಿ ಹೀಗೆ ಎರಡು ಮೂರು ಕೆಲಸ ಬಲ್ಲವನು ನಿಲ್ಲುತ್ತಾನೆ. ಕಾಲೇಜು ಒಂದೊಂದು ವಿಷಯಕ್ಕೆ ಒಂದೊಂದು ವಿಭಾಗ ಮಾಡಿಕೊಂಡಿದೆ. ಊರಿನ ಕೆಲಸಕ್ಕೆ ಅಂಥ ಗೋಡೆಗಳಿಲ್ಲ.

ದಾಳಿಂಬೆಯ ಕತೆ ಇಲ್ಲಿ ಹೇಳಲೇಬೇಕು. ಕುಷ್ಟಗಿ, ಯಲಬುರ್ಗಾದ ಮಸಾರಿ ನೆಲಕ್ಕೆ ಭಗವಾ ತಳಿ ಬಂದಾಗ ಸಾಲ ತೀರಿಸಿ ಮನೆ ಕಟ್ಟಿಕೊಂಡವರಿದ್ದರು. ಆಮೇಲೆ ದುಂಡಾಣು ಅಂಗಮಾರಿ ಬಂತು, ತೋಟಕ್ಕೆ ತೋಟಗಳೇ ಬೇರುಸಹಿತ ಕಿತ್ತುಹೋದವು. ಈ ರೋಗ ಗಿಡದಿಂದ ಗಿಡಕ್ಕೆ ದಾಟುವುದು ಮಳೆ, ಗಾಳಿಯಿಂದ. ಜೊತೆಗೆ ಚಾಟ್ನಿ ಮಾಡುವ, ಅಂದರೆ ಗಿಡ ಸವರುವ ಕತ್ತರಿಯಿಂದಲೂ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವ ಮುನ್ನ ಕತ್ತರಿಯನ್ನು ಔಷಧದಲ್ಲಿ ಅದ್ದಬೇಕು. ಇಷ್ಟು ಸಣ್ಣ ಶಿಸ್ತು. ಸೊಲ್ಲಾಪುರದಲ್ಲಿ 2005ರಿಂದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವಿದೆ, ಬಾಗಲಕೋಟೆಯಲ್ಲಿ ಇಸ್ರೇಲ್ ನೆರವಿನ ದಾಳಿಂಬೆ ಉತ್ಕೃಷ್ಟತಾ ಕೇಂದ್ರವಿದೆ, ಮುನಿರಾಬಾದಿನಲ್ಲಿ ಕಾಲೇಜಿದೆ. ವಿಜ್ಞಾನಕ್ಕೆ ಬರವಿರಲಿಲ್ಲ. ಆ ವಿಜ್ಞಾನ ಚಾಟ್ನಿ ಮಾಡುವ ಕೂಲಿಯವನ ಕೈಗೆ ಇಳಿಯಲಿಲ್ಲ, ಏಕೆಂದರೆ ನಮ್ಮ ತರಬೇತಿಗಳೆಲ್ಲ ತೋಟದ ಮಾಲೀಕನಿಗೆ. ಸಭಾಂಗಣದಲ್ಲಿ ಕೂತು, ಪುಸ್ತಿಕೆ ಪಡೆದು, ಊಟ ಮಾಡಿ ಬಂದವನು ಮಾಲೀಕ. ಕತ್ತರಿ ಹಿಡಿದವನು ಇನ್ನೊಬ್ಬ. ಈ ತಪ್ಪು ದಾಳಿಂಬೆಯಲ್ಲಿ ಕಂಡಿತು, ಭತ್ತದ ಔಷಧ ಸಿಂಪಡಣೆಯಲ್ಲೂ ಅದೇ ನಡೆಯುತ್ತಿದೆ.

ಸವಳು–ಜವಳಿನ ವಿಷಯ ಇನ್ನೊಂದು ರೀತಿಯದು. ಏಳು ದಶಕ ನೀರು ನಿಲ್ಲಿಸಿ ಭತ್ತ ಬೆಳೆದ ಪರಿಣಾಮವಾಗಿ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸುಮಾರು 96 ಸಾವಿರ ಹೆಕ್ಟೇರ್ ನೆಲ ಉಪ್ಪು ಮತ್ತು ನೀರಿನಿಂದ ಕೆಟ್ಟಿದೆ ಎಂಬ ಅಂದಾಜಿದೆ. ಇದಕ್ಕೆಂದೇ ಗಂಗಾವತಿಯಲ್ಲಿ ಅಖಿಲ ಭಾರತ ಸಂಶೋಧನಾ ಯೋಜನೆಯ ಕೇಂದ್ರ ಬಹುಕಾಲದಿಂದ ಕೆಲಸ ಮಾಡುತ್ತಿದೆ. ನೆಲದೊಳಗೆ ತೂತಿನ ಪೈಪು ಹಾಸಿ ಉಪ್ಪುನೀರನ್ನು ಬಸಿಗಾಲುವೆಗೆ ಇಳಿಸುವ ವಿಧಾನ, ಜಿಪ್ಸಂ, ಉಪ್ಪು ತಡೆಯುವ ತಳಿ ಎಲ್ಲ ಅಲ್ಲಿ ಸಿದ್ಧವಾಗಿವೆ. ಹೊಲ ಅಳೆದು, ಇಳಿಜಾರು ಲೆಕ್ಕ ಹಾಕಿ, ಪೈಪು ಎಷ್ಟು ಆಳಕ್ಕೆ, ಎಷ್ಟು ಅಂತರಕ್ಕೆ ಎಂದು ಹೇಳಿ ಕೆಲಸ ಮುಗಿಸಿಕೊಡುವ ತಂಡ ಮಾತ್ರ ಊರಿನಲ್ಲಿಲ್ಲ. ಇಲ್ಲಿ ಯಾವ ಕಂಪನಿಯೂ ಕೆಲಸಕ್ಕೆ ಜನ ಬೇಕೆಂದು ಕರೆಯುವುದಿಲ್ಲ. ಆದರೂ ಅಗತ್ಯ ಕಣ್ಣೆದುರು ಬಿಳಿ ಪದರವಾಗಿ ಬಿದ್ದಿದೆ. ಉದ್ಯೋಗದಾತರ ಬೇಡಿಕೆಯನ್ನಷ್ಟೇ ನೋಡಿ ಕೋರ್ಸ್ ಕಟ್ಟುವವರು ಇದನ್ನು ಬಿಟ್ಟುಬಿಡುತ್ತಾರೆ. ನೆಲಕ್ಕೂ ಒಂದು ಬೇಡಿಕೆ ಇದೆ, ಅದನ್ನು ಸರ್ಕಾರ ಮತ್ತು ಕಾಲೇಜು ಸೇರಿಯೇ ಕೇಳಬೇಕು.

ಕುರಿಯ ಬಗ್ಗೆ ಎರಡು ಮಾತು ಸಾಕು. ಕೆಂಗುರಿ, ಯಳಗ ಈ ಸೀಮೆಯ ತಳಿಗಳು. ಹಟ್ಟಿಯ ಕುರುಬರಿಗೆ ಬೇಕಾದವನು ಲಸಿಕೆ ಹಾಕಬಲ್ಲ, ಹೊತ್ತಿಗೆ ಸರಿಯಾಗಿ ಜಂತುನಾಶಕ ಕೊಡಬಲ್ಲ ಊರವನು. ಅದನ್ನು ಕಲಿಸುವ ಪಶುಸಂಗೋಪನೆಯ ಡಿಪ್ಲೊಮಾಕ್ಕೆ ಈ ಭಾಗದ ಹುಡುಗರು ಯಾದಗಿರಿ ಜಿಲ್ಲೆಯ ದೋರನಹಳ್ಳಿಯವರೆಗೆ ಹೋಗಬೇಕು.

ಗೊಬ್ಬರದ ಅಂಗಡಿಯನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಂದು ಜಿಗಿಹುಳು ಬಿದ್ದಾಗ ರೈತ ಮೊದಲು ಹೋಗುವುದು ಅಲ್ಲಿಗೆ, ಕೃಷಿ ವಿಜ್ಞಾನ ಕೇಂದ್ರಕ್ಕೆ ಆಮೇಲೆ. ಆ ಅಂಗಡಿಯವರಿಗಾಗಿಯೇ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಿಂದ ‘ದೇಸಿ’ ಎಂಬ ಹೆಸರಿನ ಒಂದು ವರ್ಷದ ಡಿಪ್ಲೊಮಾ ನಡೆಸುತ್ತಿದೆ, ವಾರಕ್ಕೊಂದು ದಿನದಂತೆ 48 ವಾರ. ಅಂಗಡಿಗೆ ರಜೆಯಿರುವ ದಿನ ಪಾಠ, ಆಗಾಗ ಹೊಲದಲ್ಲಿ. ದುಡಿಯುವವರ ಕಾಲಕ್ಕೆ ಪಾಠವನ್ನು ಹೊಂದಿಸಬಹುದು ಎಂಬುದಕ್ಕೆ ಇದು ಒಳ್ಳೆಯ ಮಾದರಿ. ಇದೇ ಅಚ್ಚಿನಲ್ಲಿ ಗಿರಣಿಯ ಮಿಸ್ತ್ರಿಗಳಿಗೆ, ಕ್ರಾಸಿಂಗ್ ಮಾಡುವ ಹೆಣ್ಣುಮಕ್ಕಳಿಗೆ, ಚಾಟ್ನಿಯವರಿಗೆ ಕೋರ್ಸ್ ಮಾಡಲು ಏನು ಅಡ್ಡಿ? 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಇವತ್ತು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಸ್ವಉದ್ಯೋಗ ತರಬೇತಿಯ ಮಾದರಿಯಾಗಿದೆ. ಅಲ್ಪಾವಧಿಯ ಊಟ–ವಸತಿ ತರಬೇತಿ, ಆಮೇಲೆ ವರ್ಷಗಟ್ಟಲೆ ಬೆನ್ನು ಬೀಳುವುದು, ಬ್ಯಾಂಕ್ ಸಾಲಕ್ಕೆ ದಾರಿ. ಕಲಿಸಿ ಬಿಟ್ಟುಬಿಡದೆ ಹಿಂಬಾಲಿಸಿದ್ದು ಅದರ ಗುಟ್ಟು. ನಮ್ಮ ಕಾಲೇಜುಗಳು ಪದವಿ ಕೊಟ್ಟ ಮೇಲೆ ಹುಡುಗ ಎಲ್ಲಿ ಹೋದ ಎಂದು ನೋಡುವುದನ್ನು ಇನ್ನೂ ರೂಢಿ ಮಾಡಿಕೊಂಡಿಲ್ಲ.

ಹೊರಗಿನ ಒಂದು ಉದಾಹರಣೆ ನೋಡೋಣ. ಇಂಗ್ಲೆಂಡಿನಲ್ಲಿ ಬೇಸಾಯ, ತೋಟಗಾರಿಕೆ, ಅರಣ್ಯ, ಪಶುಪಾಲನೆ, ಕೃಷಿ ಯಂತ್ರ ಎಲ್ಲವನ್ನೂ ಒಂದೇ ಆವರಣದಲ್ಲಿ ಹದಿನಾರರ ವಯಸ್ಸಿನಿಂದ ಕಲಿಸುವ ಕಾಲೇಜುಗಳಿವೆ. 2022ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಪ್ರತಿ ಪ್ರದೇಶದ ಉದ್ಯಮಿಗಳ ಸಂಘ ತಮಗೆ ಬೇಕಾದ ಕೌಶಲಗಳ ಯೋಜನೆ ಬರೆಯಬೇಕು, ಆ ಊರಿನ ಕಾಲೇಜು ಅದನ್ನು ಗಮನಿಸಿಯೇ ಕೋರ್ಸ್ ನಡೆಸಬೇಕು. ನಮಗೆ ಇದನ್ನು ಇದ್ದಂತೆಯೇ ತರುವುದು ಆಗದ ಮಾತು. ಇಲ್ಲಿ ಸಂಘ ಕಟ್ಟಿಕೊಂಡವರು ಗಿರಣಿ ಮಾಲೀಕರು. ಕ್ರಾಸಿಂಗ್ ಕೂಲಿಯವರಿಗೆ, ಲಾವಣಿ ಹಾಕಿಕೊಂಡ ರೈತನಿಗೆ ಸಂಘವಿಲ್ಲ. ಉದ್ಯಮಿಗಳಷ್ಟೇ ಬರೆದರೆ ಕಡಿಮೆ ಕೂಲಿಗೆ ಹೆಚ್ಚು ನುರಿತ ಕೈ ಎಂಬ ಪಟ್ಟಿಯಾದೀತು. ಅದರಿಂದ ಕಲಿಯಬೇಕಾದ ಒಂದು ಮಾತಂತೂ ಇದೆ: ಬೇಡಿಕೆಯನ್ನು ಬರೆದು ಇಡಬೇಕು, ವರ್ಷಕ್ಕೊಮ್ಮೆ ತಿದ್ದಬೇಕು, ಎಲ್ಲರಿಗೂ ಕಾಣುವಂತಿರಬೇಕು. ಕೊಪ್ಪಳ ಜಿಲ್ಲೆಯ ನೆಲದ ಕೆಲಸಗಳಿಗೆ ಎಷ್ಟು ಜನ ಬೇಕು, ಯಾವ ತಿಂಗಳಲ್ಲಿ ಬೇಕು, ಎಷ್ಟು ಸಂಬಳಕ್ಕೆ ಎಂಬ ಒಂದು ಪಟ್ಟಿ ತಾಲ್ಲೂಕುವಾರು ತಯಾರಾಗಲಿ. ಎಪಿಎಂಸಿ, ರೈತ ಉತ್ಪಾದಕ ಕಂಪನಿಗಳು, ಸ್ವಸಹಾಯ ಸಂಘಗಳು, ಗಿರಣಿಯವರು ಒಂದೇ ಮೇಜಿನ ಸುತ್ತ ಕೂತರೆ ಆಗುವ ಕೆಲಸ ಅದು.

ಇದೆಲ್ಲ ಯಾಕೆ ಈಗಲೇ ಆಗಬೇಕು? 2025ರ ಫೆಬ್ರುವರಿಯಲ್ಲಿ ಕೊಪ್ಪಳ ಪಟ್ಟಣದ ಪಕ್ಕದಲ್ಲಿ ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬೇಡವೆಂದು ಗವಿಮಠದ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಸಾವಿರಾರು ಜನ ಬೀದಿಗಿಳಿದರು. ಬೆಳೆಯ ಮೇಲೆ ಕೂರುವ ಕಪ್ಪು ದೂಳು ಅವರನ್ನು ಹೊರಗೆ ತಂದಿತ್ತು. ಕಾರ್ಖಾನೆ ಬೇಡ ಎಂದ ಮೇಲೆ ಮಕ್ಕಳಿಗೆ ಯಾವ ದುಡಿಮೆ ಎಂಬ ಪ್ರಶ್ನೆಗೂ ಉತ್ತರ ನಾವೇ ಕೊಡಬೇಕು. ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಮಂಗಳೂರು, ಗೋವಾ, ಬೆಂಗಳೂರಿಗೆ ಗುಳೆ ಹೋಗುವುದು ನಿಂತಿಲ್ಲ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ರೈಲು ಬಂತು. ಆ ರೈಲು ಊರಿನ ಬೀಜ, ಹಣ್ಣು ಹೊರಗೆ ಒಯ್ಯುತ್ತದೋ ಊರಿನ ಹುಡುಗರನ್ನೇ ಒಯ್ಯುತ್ತದೋ ನೋಡಬೇಕು.

ಮುನಿರಾಬಾದ್ ಮತ್ತು ಗಂಗಾವತಿಯ ಕಾಲೇಜುಗಳಿಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಪದವಿಯ ಜೊತೆಗೆ ಕನ್ನಡದ ಎರಡು ವರ್ಷದ ಡಿಪ್ಲೊಮಾವನ್ನು ಗಟ್ಟಿ ಮಾಡಿ. ಒಂದರಲ್ಲಿ ಭತ್ತದ ಸಂಸ್ಕರಣೆ ಮತ್ತು ಯಂತ್ರ, ಇನ್ನೊಂದರಲ್ಲಿ ಬೀಜೋತ್ಪಾದನೆ ಮತ್ತು ತೋಟದ ಆರೈಕೆ ಮುಖ್ಯವಾಗಲಿ. ಈಗಾಗಲೇ ಕೈಯಲ್ಲಿ ಕಸಬು ಇರುವ ಹೆಣ್ಣುಮಕ್ಕಳನ್ನು, ಮಿಸ್ತ್ರಿಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಿ. ಅವರಲ್ಲಿ ನುರಿತವರನ್ನೇ ಪಾಠ ಹೇಳಲು ಕರೆಯಿರಿ, ಗೌರವಧನ ಕೊಡಿ. ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ಕಟಾವಿನ, ಗಿರಣಿ ಹಂಗಾಮಿನ ತಿಂಗಳಿಗೇ ಬೀಳಲಿ. ಗಿರಣಿ ಮಾಲೀಕರಿಗೂ, ಬೀಜ ಕಂಪನಿಗಳಿಗೂ ಒಂದು ಮಾತು: ಕಲಿತು ಬಂದವನಿಗೆ ಕಲಿಯದವನಿಗಿಂತ ಹೆಚ್ಚು ಸಂಬಳ ಇಷ್ಟು ಎಂದು ಮೊದಲೇ ಬರೆದು ಕೊಡಿ. ಅದನ್ನು ಬರೆದುಕೊಡದ ತನಕ ಯಾವ ಕಾಲೇಜೂ ನಿಮಗೆ ಬೇಕಾದವರನ್ನು ತಯಾರು ಮಾಡಲಾರದು.